ಪಾದೊವಾದಲ್ಲಿ ಒಂದು ದಿನ: ವಿದ್ಯಾರ್ಥಿಗಳು ಕಟ್ಟಿದ ಊರು

ಬೇಸಿಗೆ ರಜೆ ಹತ್ತಿರ ಬಂತೆಂದರೆ ನಿಮ್ಮ ವಾಟ್ಸಾಪ್ ಗುಂಪುಗಳಲ್ಲಿ ಒಂದೇ ಚರ್ಚೆ: ಈ ಸಲ ಎಲ್ಲಿಗೆ ಹೋಗೋಣ? ಇಟಲಿ ಎಂದ ಕೂಡಲೇ ರೋಮ್, ವೆನಿಸ್, ಫ್ಲಾರೆನ್ಸ್ ಹೆಸರುಗಳು ಬರುತ್ತವೆ. ಹೋಗಿ, ಖಂಡಿತ ನೋಡಿ. ಆದರೆ ವೆನಿಸ್‌ಗೆ ಹೋದಾಗ ಒಂದು ದಿನವನ್ನು ತೆಗೆದಿಟ್ಟು ಪಕ್ಕದ ಇನ್ನೊಂದು ಊರಿಗೆ ನಿಮ್ಮ ಗುಂಪನ್ನು ಕರೆದುಕೊಂಡು ಹೋಗಿ ಎಂದು ಹೇಳುವುದಕ್ಕೆ ಇವತ್ತಿನ ಈ ಮಾತು. ವೆನಿಸ್‌ನಿಂದ ರೈಲಿನಲ್ಲಿ ಸುಮಾರು ಅರ್ಧ ಗಂಟೆ ದೂರ. ಇಂಗ್ಲಿಷ್‌ನಲ್ಲಿ ಅದನ್ನು ಪಾಡುವಾ ಎನ್ನುತ್ತಾರೆ. ಊರಿನವರು ಹೇಳುವುದು ಪಾದೊವಾ. ನಮ್ಮ ಲಿಪಿಯಲ್ಲಿ 'ಡ' ಮತ್ತು 'ದ' ಬೇರೆ ಬೇರೆ ಇರುವುದರಿಂದ ಆ ಹೆಸರನ್ನು ಅವರು ಹೇಳುವ ಹಾಗೇ ಬರೆಯಬಹುದು. ಅದು ನಮಗೆ ಸಿಕ್ಕಿರುವ ಸಣ್ಣ ಸೌಕರ್ಯ.

ಈ ಊರೇ ಯಾಕೆ? ನೀವು ವಿದ್ಯಾರ್ಥಿಗಳು, ಅದಕ್ಕೆ. ಇಲ್ಲಿಯ ವಿಶ್ವವಿದ್ಯಾಲಯಕ್ಕೆ 800 ವರ್ಷ ದಾಟಿದೆ. ಅದನ್ನು ಸ್ಥಾಪಿಸಿದ್ದು ಒಬ್ಬ ರಾಜನೂ ಅಲ್ಲ, ಒಬ್ಬ ಪೋಪ್ ಕೂಡ ಅಲ್ಲ. 1222ರಲ್ಲಿ ಬೊಲೋನ್ಯಾ ವಿಶ್ವವಿದ್ಯಾಲಯದಲ್ಲಿ ತಮ್ಮ ಸ್ವಾತಂತ್ರ್ಯಕ್ಕೆ ಧಕ್ಕೆ ಬಂತು ಎಂದುಕೊಂಡ ವಿದ್ಯಾರ್ಥಿಗಳು ಮತ್ತು ಗುರುಗಳು ಗಂಟುಮೂಟೆ ಕಟ್ಟಿಕೊಂಡು ಇಲ್ಲಿಗೆ ಬಂದು ಪಾಠ ಶುರುಮಾಡಿದರು. ಅಂದರೆ ಇದು ವಲಸೆ ಬಂದವರು ಕಟ್ಟಿದ ವಿದ್ಯಾಸಂಸ್ಥೆ. ಬೇರೆ ನೆಲದಲ್ಲಿ ಬದುಕು ಕಟ್ಟಿದವರ ಮಕ್ಕಳಾದ ನಿಮಗೆ ಈ ಕಥೆ ಹೊಸದಲ್ಲ.

ಬೆಳಿಗ್ಗೆ: ನೀಲಿ ಆಕಾಶದ ಕೆಳಗೆ ಹದಿನೈದು ನಿಮಿಷ

ರೈಲು ನಿಲ್ದಾಣದಿಂದ ಹತ್ತು ನಿಮಿಷ ನಡೆದರೆ ಸ್ಕ್ರೊವೆನ್ಯಿ ಪ್ರಾರ್ಥನಾ ಮಂದಿರ ಸಿಗುತ್ತದೆ. ಹೊರಗಿನಿಂದ ನೋಡಿದರೆ ಸಾದಾ ಇಟ್ಟಿಗೆಯ ಕಟ್ಟಡ. ಇದಕ್ಕೆ ಟಿಕೆಟ್ ಮುಂಚೆಯೇ ಕಾದಿರಿಸಬೇಕು. ಬಾಗಿಲಲ್ಲಿ ಹೋಗಿ ನಿಂತರೆ ಸಿಗುತ್ತದೆ ಎಂದು ನಂಬಿಕೊಂಡು ಹೋಗಬೇಡಿ. ಒಂದು ಸಲಕ್ಕೆ ಸುಮಾರು 25 ಜನರನ್ನಷ್ಟೇ ಬಿಡುತ್ತಾರೆ. ಅದಕ್ಕೂ ಮುಂಚೆ ಗಾಜಿನ ಕೋಣೆಯೊಂದರಲ್ಲಿ ಹದಿನೈದು ನಿಮಿಷ ಕೂರಿಸುತ್ತಾರೆ. ಯಾಕೆಂದರೆ ನಮ್ಮ ಉಸಿರಿನ ತೇವ, ಬಟ್ಟೆಯ ಧೂಳು, ಮೈಯ ಬಿಸಿ ಇವೆಲ್ಲ ಗೋಡೆಯ ಚಿತ್ರಗಳಿಗೆ ಶತ್ರು. ಆ ಕೋಣೆಯಲ್ಲಿ ಗಾಳಿಯ ತೇವಾಂಶ ಹದಕ್ಕೆ ಬಂದ ಮೇಲೆ ಒಳಬಾಗಿಲು ತೆರೆಯುತ್ತದೆ. ಸಾಮಾನ್ಯವಾಗಿ ಒಳಗೂ ಸಿಗುವುದು ಹದಿನೈದೇ ನಿಮಿಷ.

ಒಳಗೆ ಹೋದ ಕೂಡಲೇ ಮೊಬೈಲ್ ತೆಗೆಯಬೇಡಿ. ಮೊದಲು ತಲೆಯೆತ್ತಿ ನೋಡಿ. ಗಾಢ ನೀಲಿ ಚಾವಣಿ, ಅದರ ತುಂಬ ಚಿನ್ನದ ಬಣ್ಣದ ನಕ್ಷತ್ರಗಳು. ಸುತ್ತಲ ಗೋಡೆಗಳ ಮೇಲೆ ಮರಿಯಳ ಮತ್ತು ಯೇಸುವಿನ ಜೀವನದ ಕಥೆ ಸಾಲು ಸಾಲಾಗಿ ಇದೆ. ಬಿಡಿಸಿದವನು ಜೊತ್ತೊ. ಮಂದಿರ ಪ್ರತಿಷ್ಠಾಪನೆಯಾದದ್ದು 1305ರ ಮಾರ್ಚ್ 25ರಂದು. ಅದಕ್ಕೂ ಹಿಂದಿನ ಚಿತ್ರಗಳಲ್ಲಿ ಸಂತರು ಬಹುಮಟ್ಟಿಗೆ ಮೊಗದಲ್ಲಿ ಭಾವವಿಲ್ಲದೆ ನೇರ ನಿಂತಿರುತ್ತಿದ್ದರು. ಜೊತ್ತೊನ ಜನ ಹಾಗಲ್ಲ. ಸತ್ತ ಮಗನ ಮುಖದ ಹತ್ತಿರ ಬಗ್ಗಿದ ತಾಯಿಯ ಕಣ್ಣು ನೋಡಿ. ಮೇಲೆ ಹಾರುವ ದೇವತೆಗಳೂ ಮನುಷ್ಯರ ಹಾಗೆ ಅಳುತ್ತಿದ್ದಾರೆ. ಯುರೋಪಿನ ಚಿತ್ರಕಲೆ ಇಲ್ಲಿಂದ ದಾರಿ ಬದಲಿಸಿತು ಎಂದು ಕಲಾ ಇತಿಹಾಸಕಾರರು ಹೇಳುವುದು ಈ ಕಾರಣಕ್ಕೆ.

ಮೂವರು ಜ್ಞಾನಿಗಳು ಶಿಶುವನ್ನು ನೋಡಲು ಬರುವ ಚಿತ್ರವನ್ನು ಹುಡುಕಿ. ಅದರಲ್ಲಿ ಮಾಮೂಲಿ ನಕ್ಷತ್ರದ ಬದಲು ಉರಿಯುವ ಬಾಲದ ಧೂಮಕೇತು ಇದೆ. 1301ರಲ್ಲಿ ಹ್ಯಾಲಿ ಧೂಮಕೇತು ಬಂದಿತ್ತು. ಜೊತ್ತೊ ಅದನ್ನು ಕಣ್ಣಾರೆ ನೋಡಿ ಬರೆದಿರಬೇಕು ಎಂದು ಅನೇಕ ವಿದ್ವಾಂಸರ ಊಹೆ. 1986ರಲ್ಲಿ ಅದೇ ಧೂಮಕೇತುವಿನ ಹತ್ತಿರ ಯುರೋಪಿನ ಬಾಹ್ಯಾಕಾಶ ಸಂಸ್ಥೆ ಕಳಿಸಿದ ನೌಕೆಗೆ ಜೊತ್ತೊ ಎಂದೇ ಹೆಸರಿಟ್ಟರು. ಆ ಧೂಮಕೇತು ಮತ್ತೆ ಬರುವುದು 2061ರಲ್ಲಿ. ಆಗ ನೀವೇ ನೋಡುತ್ತೀರಿ.

ಈ ಮಂದಿರದ ಹಿಂದೆ ಒಂದು ಮುಜುಗರದ ಕಥೆಯಿದೆ. ಕಟ್ಟಿಸಿದ ಎನ್ರಿಕೊ ಸ್ಕ್ರೊವೆನ್ಯಿಯ ಅಪ್ಪ ಬಡ್ಡಿ ವ್ಯಾಪಾರಿ. ಕವಿ ಡಾಂಟೆ ತನ್ನ ಮಹಾಕಾವ್ಯದಲ್ಲಿ ಆ ಅಪ್ಪನನ್ನು ಬಡ್ಡಿಕೋರರ ಜೊತೆ ನರಕದಲ್ಲಿ ಕೂರಿಸಿದ್ದಾನೆ. ಮಗ ಕುಟುಂಬದ ಪಾಪ ತೊಳೆಯಲು ಈ ಮಂದಿರ ಕಟ್ಟಿಸಿದ ಎಂಬ ಮಾತು ಬಹಳ ಹಳೆಯದು. ಬಾಗಿಲ ಮೇಲಿನ ದೊಡ್ಡ ಚಿತ್ರದಲ್ಲಿ ಎನ್ರಿಕೊ ಮಂಡಿಯೂರಿ ಮಂದಿರದ ಪುಟ್ಟ ಮಾದರಿಯನ್ನು ಅರ್ಪಿಸುವುದು ಕಾಣುತ್ತದೆ. ಅದೇ ಚಿತ್ರದ ಮತ್ತೊಂದು ಬದಿಯಲ್ಲಿ ನರಕವಿದೆ.

ಪಕ್ಕದ ಎರೆಮಿತಾನಿ ಚರ್ಚಿಗೂ ಹೋಗಿ. ಅಲ್ಲಿ ಮಾಂತೆನ್ಯಾ ಎಂಬ ಕಲಾವಿದ ಹದಿಹರೆಯ ದಾಟುವ ವಯಸ್ಸಿನಲ್ಲೇ ಆರಂಭಿಸಿದ ಭಿತ್ತಿಚಿತ್ರಗಳಿದ್ದವು. 1944ರ ಮಾರ್ಚ್ 11ರಂದು ಯುದ್ಧವಿಮಾನಗಳ ಬಾಂಬು ಬಿದ್ದು ಅವುಗಳಲ್ಲಿ ಹೆಚ್ಚಿನವು ಪುಡಿಯಾದವು. ಹೆಜ್ಜೆಗಳ ದೂರದಲ್ಲಿದ್ದ ಜೊತ್ತೊನ ಮಂದಿರ ಉಳಿಯಿತು. ಜನ ಆ ಚೂರುಗಳನ್ನು ಎಸೆಯಲಿಲ್ಲ, ಆರಿಸಿ ಪೆಟ್ಟಿಗೆಗಳಲ್ಲಿ ಇಟ್ಟರು. ದಶಕಗಳ ನಂತರ ಪಾದೊವಾ ವಿಶ್ವವಿದ್ಯಾಲಯದವರು ಗಣಿತದ ಸೂತ್ರ ಮತ್ತು ಕಂಪ್ಯೂಟರ್ ಬಳಸಿ, ಹಳೆಯ ಫೋಟೋಗಳಿಗೆ ಹೋಲಿಸಿ, ಸಾವಿರಾರು ಚೂರುಗಳಿಗೆ ಅವುಗಳ ಜಾಗ ಹುಡುಕಿದರು. ಗೋಡೆಯ ಮೇಲೆ ಈಗ ಕಾಣುವುದು ಮಂಕಾದ ಕಪ್ಪುಬಿಳುಪು ಚಿತ್ರ, ಅದರ ನಡುನಡುವೆ ಬಣ್ಣದ ದ್ವೀಪಗಳು. ಕಂಪ್ಯೂಟರ್ ಸೈನ್ಸ್ ಓದುವ ಗೆಳೆಯರು ಇಲ್ಲಿ ಸ್ವಲ್ಪ ಹೊತ್ತು ನಿಲ್ಲಿ.

ಎತ್ತಿನ ಹೆಸರಿನ ಅರಮನೆ

ಅಲ್ಲಿಂದ ಊರ ನಡುವಿಗೆ ಬಂದರೆ ವಿಶ್ವವಿದ್ಯಾಲಯದ ಮುಖ್ಯ ಕಟ್ಟಡ, ಪಲಾತ್ಸೊ ಬೊ. 'ಬೊ' ಅಂದರೆ ಎತ್ತು. ಮೊದಲು ಈ ಜಾಗದಲ್ಲಿ ಎತ್ತಿನ ಚಿಹ್ನೆಯ ಛತ್ರವೊಂದಿತ್ತು, ಆ ಹೆಸರೇ ಉಳಿಯಿತು. ಒಳಭಾಗವನ್ನು ಗೈಡ್ ಜೊತೆಯಲ್ಲಿ ನೋಡಬೇಕು, ಅದಕ್ಕೂ ಮುಂಚೆ ಕಾದಿರಿಸಿ.

ಅಂಗಳದಲ್ಲಿ ನಿಂತರೆ ಗೋಡೆ, ಕಮಾನು, ಚಾವಣಿ ಎಲ್ಲೆಲ್ಲೂ ಕುಲಲಾಂಛನಗಳು. ಒಳಗೂ ಹೊರಗೂ ಸೇರಿ ಸುಮಾರು 3,000. ಇವು ಇಲ್ಲಿ ಓದಿದ, ಹುದ್ದೆ ವಹಿಸಿದ ವಿದ್ಯಾರ್ಥಿಗಳ ಗುರುತುಗಳು. ಆ ಕಾಲದಲ್ಲಿ ವಿದ್ಯಾರ್ಥಿಗಳು ತಮ್ಮ ತಮ್ಮ ನಾಡಿನ ಪ್ರಕಾರ ಸಂಘ ಕಟ್ಟಿಕೊಳ್ಳುತ್ತಿದ್ದರು. ಅದಕ್ಕೆ 'ನಾತ್ಸಿಯೊ' ಎಂದು ಹೆಸರು. ಜರ್ಮನ್ನರದು ಅತಿ ದೊಡ್ಡದು. ಪೋಲೆಂಡಿನವರು, ಇಂಗ್ಲೆಂಡಿನವರು, ಹಂಗೇರಿಯವರೂ ಇದ್ದರು. ಜರ್ಮನ್ ಸಂಘಕ್ಕೆ ತನ್ನದೇ ಸದಸ್ಯರ ಪುಸ್ತಕ, ತನ್ನದೇ ಗ್ರಂಥಾಲಯ, ಆರಿಸಿದ ಪದಾಧಿಕಾರಿಗಳು ಇದ್ದರು. ಪರವೂರಿನಲ್ಲಿ ಒಂದೇ ನುಡಿಯವರು ಸೇರಿ ಚಂದಾ ಎತ್ತಿ, ಅಧ್ಯಕ್ಷರನ್ನು ಆರಿಸಿ, ಹೊಸಬರಿಗೆ ಮನೆ ಹುಡುಕಿಕೊಡುವುದು! ನಿಮ್ಮ ಊರಿನ ಕನ್ನಡ ಸಂಘವನ್ನು ಕಂಡು 'ಅಪ್ಪ ಅಮ್ಮನ ಹಳೇ ಹವ್ಯಾಸ' ಎಂದು ನಗುವವರು ಇದನ್ನು ನೆನಪಿಡಿ.

ಮೇಲೆ ಹೋದರೆ ಅಂಗರಚನಾ ರಂಗಮಂದಿರ. ಅಂದರೆ ಹೆಣ ಕೊಯ್ದು ದೇಹದ ಒಳಗನ್ನು ಕಲಿಸುತ್ತಿದ್ದ ಜಾಗ. 1595ರಲ್ಲಿ, ಫಾಬ್ರೀಸಿಯಸ್ ಎಂಬ ಪ್ರಾಧ್ಯಾಪಕನ ಕಾಲದಲ್ಲಿ ಇದು ಬಳಕೆಗೆ ಬಂತು. ಈ ಬಗೆಯ ಶಾಶ್ವತ ಕಟ್ಟಡಗಳಲ್ಲಿ ಇಂದಿಗೂ ಉಳಿದಿರುವ ಅತಿ ಹಳೆಯದು ಇದೇ. ಮರದಲ್ಲಿ ಮಾಡಿದ, ಮೊಟ್ಟೆಯಾಕಾರದ, ಮೇಲಕ್ಕೆ ಅಗಲವಾಗುತ್ತಾ ಹೋಗುವ ಆರು ಸುತ್ತು. ನಡುವೆ ಬಾವಿಯ ತಳದಂಥ ಜಾಗದಲ್ಲಿ ಮೇಜು. ವಿದ್ಯಾರ್ಥಿಗಳು ಕೂರುವಂತಿಲ್ಲ, ಒತ್ತೊತ್ತಾಗಿ ನಿಂತು ಕಟಕಟೆಗೆ ಒರಗಿ ಕೆಳಗೆ ನೋಡಬೇಕು. ನೀವು ಒಳಹೋಗುವುದು ಕೆಳಗಿನಿಂದ. ಮೇಜಿದ್ದ ಜಾಗದಿಂದ ತಲೆಯೆತ್ತಿದರೆ ಖಾಲಿ ಸುತ್ತುಗಳು ನಿಮ್ಮನ್ನೇ ನೋಡಿದ ಹಾಗಿರುತ್ತದೆ.

ಈ ಪಾಠಗಳಿಂದ ಏನಾಯಿತು? ವೆಸಾಲಿಯಸ್ ಇಲ್ಲಿ ಕಲಿಸುತ್ತಲೇ ಮನುಷ್ಯ ದೇಹದ ಕುರಿತ ತನ್ನ ಮಹಾಗ್ರಂಥ ಸಿದ್ಧಪಡಿಸಿ 1543ರಲ್ಲಿ ಪ್ರಕಟಿಸಿದ. ಸಾವಿರದ ಮುನ್ನೂರು ವರ್ಷ ಯಾರೂ ಹೆಚ್ಚಾಗಿ ಪ್ರಶ್ನಿಸದಿದ್ದ ಗೇಲನ್‌ನ ಮಾತುಗಳಲ್ಲಿ ನೂರಾರು ತಪ್ಪುಗಳನ್ನು ಆತ ಎತ್ತಿ ತೋರಿಸಿದ. ಫಾಬ್ರೀಸಿಯಸ್ ರಕ್ತನಾಳಗಳ ಒಳಗಿನ ಕವಾಟಗಳನ್ನು ವಿವರಿಸಿದ. ಅವನ ಬಳಿ ಓದಲು ಇಂಗ್ಲೆಂಡಿನಿಂದ ಬಂದ ವಿಲಿಯಂ ಹಾರ್ವಿ 1602ರಲ್ಲಿ ಪದವಿ ಪಡೆದು ಮನೆಗೆ ಹೋಗಿ, ಆ ಕವಾಟಗಳು ಯಾಕಿವೆ ಎಂದು ಯೋಚಿಸುತ್ತಾ ಹೋದ. 1628ರಲ್ಲಿ ರಕ್ತ ದೇಹದಲ್ಲಿ ಸುತ್ತುತ್ತದೆ ಎಂದು ತೋರಿಸಿಕೊಟ್ಟ. ನಿಮ್ಮಲ್ಲಿ ಮೆಡಿಕಲ್ ಓದುವವರ ಮೊದಲ ವರ್ಷದ ಪಾಠಕ್ಕೆ ಬೇರು ಈ ಮರದ ಬಾವಿಯಲ್ಲಿದೆ.

ಮುಂದೆ ಗೆಲಿಲಿಯೊ. 1592ರಿಂದ 1610ರವರೆಗೆ, ಹದಿನೆಂಟು ವರ್ಷ, ಅವನು ಇಲ್ಲಿ ಗಣಿತ ಕಲಿಸಿದ. ಅವನು ನಿಂತು ಪಾಠ ಮಾಡಿದ್ದೆಂದು ಹೇಳುವ ಮರದ ವೇದಿಕೆ ಇವತ್ತಿಗೂ ಇದೆ. ಸಂಬಳ ಸಾಲದೆ ಮನೆಯಲ್ಲೇ ವಿದ್ಯಾರ್ಥಿಗಳನ್ನು ಇಟ್ಟುಕೊಂಡು ಊಟ, ವಸತಿ, ಟ್ಯೂಷನ್ ಕೊಡುತ್ತಿದ್ದ. ನಮ್ಮ ಬೆಂಗಳೂರಿನ ಭಾಷೆಯಲ್ಲಿ ಪಿಜಿ ನಡೆಸುತ್ತಿದ್ದ! 1610ರ ಜನವರಿ 7ರ ರಾತ್ರಿ ಈ ಊರಿನಿಂದ ದೂರದರ್ಶಕ ಹಿಡಿದು ಗುರುಗ್ರಹದ ಪಕ್ಕ ಚುಕ್ಕಿಗಳನ್ನು ಕಂಡ. ಮುಂದಿನ ರಾತ್ರಿಗಳಲ್ಲಿ ಅವು ಜಾಗ ಬದಲಿಸಿದವು. ಅವು ಗುರುವಿನ ಚಂದ್ರರು. ಎಲ್ಲವೂ ಭೂಮಿಯನ್ನೇ ಸುತ್ತುತ್ತದೆ ಎಂಬ ನಂಬಿಕೆಗೆ ಅಲ್ಲಿ ಬಿರುಕು ಬಿತ್ತು.

ಬಾಗಿಲು ಎಷ್ಟು ತೆರೆದಿತ್ತು?

ಇಲ್ಲಿ ಸ್ವಲ್ಪ ನಿಲ್ಲೋಣ. ಪಾದೊವಾ ತನ್ನನ್ನು ಸ್ವಾತಂತ್ರ್ಯದ ವಿಶ್ವವಿದ್ಯಾಲಯ ಎಂದೇ ಪರಿಚಯಿಸಿಕೊಳ್ಳುತ್ತದೆ, ಅದರ ಧ್ಯೇಯವಾಕ್ಯದಲ್ಲೂ ಆ ಪದವಿದೆ. ಅದು ಎಷ್ಟು ನಿಜ ಎಂದು ಕೇಳುವುದು ನಿಮ್ಮ ಹಕ್ಕು.

ಬಹಳಷ್ಟು ನಿಜ. 1405ರಿಂದ ಈ ಊರು ವೆನಿಸ್ ಗಣರಾಜ್ಯದ ಕೈಯಲ್ಲಿತ್ತು. 1564ರಲ್ಲಿ ಪೋಪ್, ಪದವಿ ಬೇಕಿದ್ದವರು ಕ್ಯಾಥೊಲಿಕ್ ನಂಬಿಕೆಯ ಪ್ರತಿಜ್ಞೆ ಮಾಡಬೇಕು ಎಂದು ಆಜ್ಞೆ ಹೊರಡಿಸಿದರು. ಹಾಗಾದರೆ ಪ್ರೊಟೆಸ್ಟೆಂಟ್ ಜರ್ಮನ್ನರು, ಯೆಹೂದಿಗಳು ಏನು ಮಾಡಬೇಕು? ವೆನಿಸ್ ಅಡ್ಡದಾರಿ ಹುಡುಕಿತು. ಕಡೆಗೆ 1616ರಲ್ಲಿ, ಚರ್ಚಿನ ಬದಲು ಸರ್ಕಾರದ ಹೆಸರಿನಲ್ಲಿ, ಪ್ರತಿಜ್ಞೆಯಿಲ್ಲದೆ ಪದವಿ ಕೊಡುವ ಮಂಡಳಿಯನ್ನೇ ಸ್ಥಾಪಿಸಿತು. ಬೇರೆ ಬಹುತೇಕ ಕಡೆ ವೈದ್ಯರಾಗಲು ಅವಕಾಶವಿಲ್ಲದ ಯೆಹೂದಿ ಯುವಕರು ಯುರೋಪಿನ ಮೂಲೆಮೂಲೆಯಿಂದ ಇಲ್ಲಿಗೆ ಬಂದರು.

ಆದರೆ ಅದೇ ಯೆಹೂದಿಗಳು ಪದವಿಗೆ ಬೇರೆಯವರಿಗಿಂತ ಹೆಚ್ಚು ಹಣ ತೆರಬೇಕಿತ್ತು. ಗೆಲಿಲಿಯೊಗೆ ಸಿಕ್ಕಿದ ಗಣಿತದ ಪೀಠಕ್ಕೆ ಅದಕ್ಕೂ ಮುಂಚೆ ಆಸೆಪಟ್ಟವನು ಜೊರ್ದಾನೊ ಬ್ರೂನೊ. ಅವನನ್ನು ವೆನಿಸ್‌ನಲ್ಲಿ ಬಂಧಿಸಿ, 1593ರಲ್ಲಿ ರೋಮ್‌ಗೆ ಒಪ್ಪಿಸಲಾಯಿತು. 1600ರಲ್ಲಿ ಅಲ್ಲಿ ಜೀವಂತ ಸುಟ್ಟರು. ಗೆಲಿಲಿಯೊ ಕೂಡ 1610ರಲ್ಲಿ ಹೆಚ್ಚು ಸಂಬಳ, ಪಾಠದ ಹೊರೆಯಿಲ್ಲದ ಹುದ್ದೆ ಎಂದು ಫ್ಲಾರೆನ್ಸ್‌ಗೆ ಹೋದ. ವೆನಿಸ್‌ನ ರಕ್ಷಣೆ ತಪ್ಪಿತು. 1633ರಲ್ಲಿ ರೋಮ್‌ನಲ್ಲಿ ವಿಚಾರಣೆ, ಆಮೇಲೆ ಸಾಯುವವರೆಗೂ ಗೃಹಬಂಧನ. ಮುಪ್ಪಿನಲ್ಲಿ ಅವನು ಪಾದೊವಾದ ಹದಿನೆಂಟು ವರ್ಷಗಳೇ ತನ್ನ ಬದುಕಿನ ಅತ್ಯುತ್ತಮ ಕಾಲ ಎಂದು ನೆನೆದ.

ಬೊ ಅರಮನೆಯ ಮೆಟ್ಟಿಲ ಬುಡದಲ್ಲಿ ಒಬ್ಬ ಹೆಣ್ಣುಮಗಳ ಶಿಲ್ಪವಿದೆ. ಎಲೆನಾ ಕೊರ್ನಾರೊ ಪಿಸ್ಕೋಪಿಯಾ. ಲ್ಯಾಟಿನ್, ಗ್ರೀಕ್, ಹೀಬ್ರೂ ಸೇರಿ ಹಲವು ಭಾಷೆ ಬಲ್ಲವಳು. ಅವಳಿಗೆ ದೇವತಾಶಾಸ್ತ್ರದಲ್ಲಿ ಡಾಕ್ಟರ್ ಪದವಿ ಬೇಕಿತ್ತು. ಹೆಣ್ಣಿಗೆ ಅದು ಸಲ್ಲದು ಎಂದು ಊರಿನ ಬಿಷಪ್ ಅಡ್ಡ ಬಂದರು. ಕೊನೆಗೆ ತತ್ತ್ವಶಾಸ್ತ್ರದಲ್ಲಿ ಪರೀಕ್ಷೆಗೆ ಒಪ್ಪಿದರು. 1678ರ ಜೂನ್ 25ರಂದು, ನೋಡಲು ಬಂದವರ ಗುಂಪು ದೊಡ್ಡದಾದ್ದರಿಂದ ಊರಿನ ಮಹಾದೇವಾಲಯದಲ್ಲೇ ಪರೀಕ್ಷೆ ನಡೆಯಿತು. ಮೂವತ್ತೆರಡರ ಎಲೆನಾ ಲ್ಯಾಟಿನ್‌ನಲ್ಲಿ ಉತ್ತರಿಸಿ, ಜಗತ್ತಿನಲ್ಲೇ ವಿಶ್ವವಿದ್ಯಾಲಯದ ಡಾಕ್ಟರ್ ಪದವಿ ಪಡೆದ ಮೊದಲ ಮಹಿಳೆಯರಲ್ಲಿ ಒಬ್ಬಳಾಗಿ ಹೊರಬಂದಳು. ಆಮೇಲೆ? ಬಾಗಿಲು ಮತ್ತೆ ಮುಚ್ಚಿತು. ಇಟಲಿಯಲ್ಲಿ ಇನ್ನೊಬ್ಬ ಮಹಿಳೆ, ಲಾವ್ರಾ ಬಾಸ್ಸಿ, ಬೊಲೋನ್ಯಾದಲ್ಲಿ ಪದವಿ ಪಡೆದದ್ದು 1732ರಲ್ಲಿ. ನಡುವೆ ಐವತ್ತನಾಲ್ಕು ವರ್ಷ.

ಇನ್ನೊಂದು ಸಲ ಬಾಗಿಲು ಮುಚ್ಚಿದ್ದು ನಮಗೆ ಹತ್ತಿರದ ಕಾಲದಲ್ಲಿ. 1938ರಲ್ಲಿ ಮುಸೊಲಿನಿ ಸರ್ಕಾರದ ಜನಾಂಗೀಯ ಕಾನೂನುಗಳು ಯೆಹೂದಿ ಪ್ರಾಧ್ಯಾಪಕರನ್ನು, ವಿದ್ಯಾರ್ಥಿಗಳನ್ನು ಹೊರದಬ್ಬಿದವು. ವಿಶ್ವಕಿರಣಗಳ ಸಂಶೋಧಕ ಬ್ರೂನೊ ರೊಸ್ಸಿ ಪಾದೊವಾದ ಕೆಲಸ ಕಳೆದುಕೊಂಡು ಕಡೆಗೆ ಅಮೆರಿಕ ಸೇರಿದರು. 1943ರಲ್ಲಿ ಕುಲಪತಿ ಕೊಂಚೆತ್ತೊ ಮಾರ್ಕೇಸಿ, ನಾತ್ಸಿ ಸೇನೆ ಊರಿನಲ್ಲಿರುವಾಗಲೇ, ಪ್ರತಿರೋಧಕ್ಕೆ ಏಳುವಂತೆ ವಿದ್ಯಾರ್ಥಿಗಳಿಗೆ ಕರೆಕೊಟ್ಟರು. ಅನೇಕರು ಪ್ರಾಣ ಕೊಟ್ಟರು. ಆ ಹೋರಾಟಕ್ಕಾಗಿ ಈ ವಿಶ್ವವಿದ್ಯಾಲಯಕ್ಕೆ ಶೌರ್ಯದ ಚಿನ್ನದ ಪದಕ ಸಂದಿದೆ.

ಹೀಗೆ ಒಂದೇ ಕಟ್ಟಡದಲ್ಲಿ ತೆರೆದ ಬಾಗಿಲೂ ಇದೆ, ಮುಚ್ಚಿದ ಬಾಗಿಲೂ ಇದೆ. ಬಾಗಿಲು ತಾನಾಗಿ ತೆರೆದುಕೊಂಡಿರುವುದಿಲ್ಲ. ಪ್ರತಿ ತಲೆಮಾರೂ ಅದನ್ನು ಹಿಡಿದು ನಿಲ್ಲಬೇಕು. ವೀಸಾ, ಶುಲ್ಕ, ಚರ್ಮದ ಬಣ್ಣ, ಹೆಸರಿನ ಉಚ್ಚಾರ ಇವುಗಳ ಲೆಕ್ಕದಲ್ಲಿ ಯಾರು ಒಳಗೆ, ಯಾರು ಹೊರಗೆ ಎಂಬ ಮಾತು ನಿಮ್ಮ ಕ್ಯಾಂಪಸ್ಸಿನಲ್ಲೂ ನಡೆಯುತ್ತಿರುತ್ತದೆ ಅಲ್ಲವೇ?

ಮಧ್ಯಾಹ್ನ: ಸಂತೆ, ಕಾಫಿ, ಊಟ

ಹಸಿವಾಗಿದೆ, ನಡೆಯಿರಿ. ಬೊ ಅರಮನೆಯ ಹತ್ತಿರವೇ ಪಲಾತ್ಸೊ ದೆಲ್ಲಾ ರಜೋನೆ, ಹಳೆಯ ನ್ಯಾಯಾಲಯ. ಕೆಳಗೆ ಶತಮಾನಗಳಿಂದ ನಡೆದು ಬಂದ ಮಾರುಕಟ್ಟೆ, ಎರಡು ಬದಿಗೂ ತರಕಾರಿ ಹಣ್ಣಿನ ಚೌಕ. ಮೇಲೆ ಸುಮಾರು 80 ಮೀಟರ್ ಉದ್ದದ, ನಡುವೆ ಒಂದೂ ಕಂಬವಿಲ್ಲದ ಸಭಾಂಗಣ. ಅದರೊಳಗೆ ಒಂದು ಕಪ್ಪು ಕಲ್ಲಿದೆ, ಅವಮಾನದ ಕಲ್ಲು. ಸಾಲ ತೀರಿಸಲಾಗದವನು ಜನರೆದುರು ಒಳಬಟ್ಟೆಯಲ್ಲಿ ಬಂದು ಮೂರು ಸಲ ಅದರ ಮೇಲೆ ಕುಳಿತು, ಆಸ್ತಿಯೆಲ್ಲ ಬಿಟ್ಟುಕೊಟ್ಟೆ ಎನ್ನಬೇಕಿತ್ತು. ಕ್ರೂರ ಅನ್ನಿಸುತ್ತದೆ. ಆದರೆ ಅದಕ್ಕೂ ಮುಂಚೆ ಸಾಲಗಾರನಿಗೆ ಸೆರೆಮನೆಯೇ ಗತಿ. 1231ರಲ್ಲಿ ಸಂತ ಆಂಥೋನಿ ಬಡ ಸಾಲಗಾರರ ಪರ ಮಾತಾಡಿದ್ದರಿಂದ ಆ ಕಾನೂನು ಸಡಿಲವಾಯಿತು.

ಆ ಆಂಥೋನಿಯವರ ಸಮಾಧಿ ಇದೇ ಊರಿನ ದೊಡ್ಡ ಬೆಸಿಲಿಕಾದಲ್ಲಿದೆ. ಹುಟ್ಟಿದ್ದು ಲಿಸ್ಬನ್‌ನಲ್ಲಾದರೂ ಹೆಸರಾದದ್ದು ಪಾದೊವಾದ ಆಂಥೋನಿ ಎಂದೇ. ಇದೇ ಸಂತನ ಹೆಸರಿನಲ್ಲಿ ಮೈಸೂರು ಜಿಲ್ಲೆಯ ಡೋರನಹಳ್ಳಿಯಲ್ಲಿ ಪ್ರಸಿದ್ಧ ಚರ್ಚಿದೆ. ಜೂನ್ 13ರ ಹಬ್ಬಕ್ಕೆ ಅಲ್ಲಿಗೆ ಎಲ್ಲ ಧರ್ಮದವರೂ ಹರಕೆ ಹೊತ್ತು ಹೋಗುತ್ತಾರೆ. ನಿಮ್ಮ ಅಜ್ಜಿಗೆ ಫೋನ್ ಮಾಡಿದಾಗ 'ಡೋರನಹಳ್ಳಿ ಅಂತೋನಿಯವರ ಊರಿನಲ್ಲಿದ್ದೇನೆ' ಎಂದು ಹೇಳಿ ನೋಡಿ.

ಊಟಕ್ಕೆ ಬಿಗೊಲಿ ಎಂಬ ದಪ್ಪ ಶಾವಿಗೆಯಂಥ ಪಾಸ್ತಾ ಇಲ್ಲಿಯ ವಿಶೇಷ. ಸಾಮಾನ್ಯವಾಗಿ ಬಾತುಕೋಳಿಯ ಸಾಸ್ ಹಾಕುತ್ತಾರೆ, ಸಸ್ಯಾಹಾರಿಗಳು ಕೇಳಿ ತೆಗೆದುಕೊಳ್ಳಿ. 'ಸೆನ್ಸಾ ಕಾರ್ನೆ' ಎಂದರೆ ಮಾಂಸ ಬೇಡ ಎಂದರ್ಥ. ಅಕ್ಕಿಯ ರಿಸೊತ್ತೊವನ್ನು ಮಾಂಸದ ಸಾರಿನಲ್ಲಿ ಬೇಯಿಸಿರಬಹುದು, ಅದನ್ನೂ ಕೇಳಿ. ಕಾಫಿಯನ್ನು ಕೌಂಟರಿನಲ್ಲಿ ನಿಂತು ಕುಡಿದರೆ ಕಡಿಮೆ ದುಡ್ಡು, ಥೇಟ್ ನಮ್ಮ ದರ್ಶಿನಿಯ ಹಾಗೆ.

ಪೆದ್ರೊಕ್ಕಿ ಕೆಫೆಗೆ ಮಾತ್ರ ಒಳಹೋಗಿ ನೋಡಿ. 1831ರಲ್ಲಿ ತೆರೆದ ಇದು ಹಲವು ದಶಕ ಹಗಲೂ ರಾತ್ರಿ ಬಾಗಿಲು ಹಾಕದೆ ನಡೆಯಿತು. ಹಸಿರು ಕೋಣೆಯಲ್ಲಿ ದುಡ್ಡಿಲ್ಲದ ವಿದ್ಯಾರ್ಥಿಗಳು ಏನೂ ಕೊಳ್ಳದೆ ಓದುತ್ತಾ ಕೂರಬಹುದಿತ್ತು. 1848ರ ಫೆಬ್ರವರಿ 8ರಂದು, ಊರು ಆಸ್ಟ್ರಿಯಾದ ಆಳ್ವಿಕೆಯಲ್ಲಿದ್ದಾಗ, ವಿದ್ಯಾರ್ಥಿಗಳು ದಂಗೆ ಎದ್ದರು. ಸೈನಿಕರು ಗುಂಡು ಹಾರಿಸಿದರು. ಬಿಳಿ ಕೋಣೆಯ ಗೋಡೆಯಲ್ಲಿ ಗುಂಡಿನ ಗುರುತನ್ನು ಈಗಲೂ ಉಳಿಸಿಕೊಂಡಿದ್ದಾರೆ.

ಸಂಜೆ: ಒಂದು ತೋಟ, ಒಂದು ಬಯಲು

ಬೆಸಿಲಿಕಾದ ಹಿಂದೆ 1545ರ ಸಸ್ಯೋದ್ಯಾನವಿದೆ. ಶುರುವಾದ ಜಾಗದಲ್ಲೇ ಇಂದಿಗೂ ಇರುವ ವಿಶ್ವವಿದ್ಯಾಲಯ ಸಸ್ಯೋದ್ಯಾನಗಳಲ್ಲಿ ಇದೇ ಜಗತ್ತಿನ ಅತಿ ಹಳೆಯದು. ಲಾಲ್‌ಬಾಗಿಗಿಂತ ಎರಡು ಶತಮಾನ ಹಿರಿಯದು. ಉದ್ದೇಶ ಸೊಗಸಲ್ಲ, ಔಷಧಿ. ತಪ್ಪು ಗಿಡ ಕೊಟ್ಟರೆ ರೋಗಿ ಸಾಯುತ್ತಾನೆ, ಹಾಗಾಗಿ ವೈದ್ಯ ವಿದ್ಯಾರ್ಥಿಗಳು ನಿಜವಾದ ಗಿಡವನ್ನು ಮುಟ್ಟಿ ಗುರುತಿಸಲಿ ಎಂದು ಮಾಡಿದ್ದು. ಬೆಲೆಬಾಳುವ ಗಿಡಗಳ ಕಳ್ಳತನ ಹೆಚ್ಚಿ ಸುತ್ತ ದುಂಡಗಿನ ಗೋಡೆ ಎಬ್ಬಿಸಿದರು. 1585ರಲ್ಲಿ ನೆಟ್ಟ ಒಂದು ತಾಳೆಯ ಜಾತಿಯ ಮರ ಇನ್ನೂ ಇದೆ. 1786ರಲ್ಲಿ ಜರ್ಮನ್ ಕವಿ ಗಯಟೆ ಅದರ ಎಲೆಗಳನ್ನು ನೋಡಿ ಗಿಡಗಳ ರೂಪ ಹೇಗೆ ಬದಲಾಗುತ್ತದೆ ಎಂಬ ಯೋಚನೆಯನ್ನು ಬೆಳೆಸಿದ.

ಈ ತೋಟದ ಮುಖ್ಯಸ್ಥನಾಗಿದ್ದ ಪ್ರೋಸ್ಪೆರೊ ಆಲ್ಪಿನಿ ಅದಕ್ಕೂ ಮುಂಚೆ ಈಜಿಪ್ಟಿನಲ್ಲಿದ್ದು, 1592ರ ತನ್ನ ಪುಸ್ತಕದಲ್ಲಿ ಕಾಫಿ ಗಿಡವನ್ನು ಚಿತ್ರಸಹಿತ ಯುರೋಪಿಗೆ ಪರಿಚಯಿಸಿದ. ಮುಂದಿನ ಶತಮಾನದಲ್ಲಿ ಬಾಬಾ ಬುಡನ್ ಯೆಮನ್‌ನಿಂದ ಏಳು ಬೀಜ ತಂದು ಚಿಕ್ಕಮಗಳೂರಿನ ಬೆಟ್ಟದಲ್ಲಿ ನೆಟ್ಟರು ಎಂಬುದು ನಮ್ಮ ನಾಡಿನ ಐತಿಹ್ಯ. ಒಂದೇ ಗಿಡ, ಎರಡು ದಾರಿ. ಇಟಲಿಯ ಎಸ್ಪ್ರೆಸ್ಸೊಗೆ ಭಾರತದ ಬೀಜ ಇಂದು ದೊಡ್ಡ ಪ್ರಮಾಣದಲ್ಲಿ ಹೋಗುತ್ತದೆ, ಅದರಲ್ಲಿ ಹೆಚ್ಚು ಬೆಳೆಯುವುದು ಕರ್ನಾಟಕದಲ್ಲೇ.

ಕೊನೆಗೆ ಪ್ರಾತೊ ದೆಲ್ಲಾ ವಾಲ್ಲೆ ಎಂಬ ವಿಶಾಲ ಬಯಲಿಗೆ ಬಂದು ಹುಲ್ಲಿನ ಮೇಲೆ ಕಾಲು ಚಾಚಿ. ನಡುವೆ ಕಾಲುವೆ, ಅದರ ಸುತ್ತ 78 ಶಿಲ್ಪಗಳು. ಅದೃಷ್ಟವಿದ್ದರೆ ತಲೆಗೆ ಲಾರೆಲ್ ಎಲೆಯ ಕಿರೀಟ ಇಟ್ಟುಕೊಂಡ ಯುವಕ ಯುವತಿಯರು ಕಾಣುತ್ತಾರೆ. ಅಂದು ಪದವಿ ಪಡೆದವರು ಅವರು. ಗೆಳೆಯರು ಅವರ ವ್ಯಂಗ್ಯಚಿತ್ರದ ದೊಡ್ಡ ಹಾಳೆ ಮಾಡಿ, ಅದರಲ್ಲಿರುವ ತಮಾಷೆಯನ್ನೆಲ್ಲ ಅವರಿಂದಲೇ ಗಟ್ಟಿಯಾಗಿ ಓದಿಸಿ ಗೋಳು ಹೊಯ್ದುಕೊಳ್ಳುತ್ತಾರೆ. ನೀವೂ ಚಪ್ಪಾಳೆ ತಟ್ಟಿ.

ಹೊರಡುವ ಮುನ್ನ ಗುಂಪಿಗೆ ಎರಡು ಮಾತು. ಮೊದಲನೆಯದು, ಸ್ಕ್ರೊವೆನ್ಯಿ ಮತ್ತು ಬೊ ಎರಡರ ಸಮಯ ಮೊದಲು ನಿಗದಿಮಾಡಿ, ಉಳಿದುದನ್ನು ಅದರ ಸುತ್ತ ಹೊಂದಿಸಿ. ಊರ ನಡುಭಾಗವೆಲ್ಲ ನಡೆದೇ ಮುಗಿಯುತ್ತದೆ. ವಾಪಸ್ ನಿಲ್ದಾಣಕ್ಕೆ ಟ್ರಾಮ್ ಇದೆ. ಎರಡನೆಯದು, ಒಬ್ಬೊಬ್ಬರೂ ಒಂದೊಂದು ಜಾಗ ಹಂಚಿಕೊಳ್ಳಿ. ಅಲ್ಲಿಗೆ ಬಂದಾಗ ಉಳಿದವರಿಗೆ ಅದರ ಕಥೆಯನ್ನು ಮೂರು ನಿಮಿಷ ಕನ್ನಡದಲ್ಲಿ ಹೇಳಿ. ತೊದಲಿದರೂ ಪರವಾಗಿಲ್ಲ, ನಡುವೆ ಇಂಗ್ಲಿಷೋ ಜರ್ಮನ್ನೋ ನುಸುಳಿದರೂ ಪರವಾಗಿಲ್ಲ. ಎಂಟು ನೂರು ವರ್ಷದಿಂದ ಈ ಊರಿನ ಬೀದಿಗಳಲ್ಲಿ ಪರನಾಡಿನ ವಿದ್ಯಾರ್ಥಿಗಳು ತಮ್ಮ ತಮ್ಮ ನುಡಿಯಲ್ಲಿ ವಾದ ಮಾಡಿದ್ದಾರೆ. ಅದರಲ್ಲಿ ಕನ್ನಡದ ದನಿಯೂ ಒಂದು ಸಂಜೆ ಸೇರಲಿ.

ಪ್ರಯಾಣ ಸುಖವಾಗಿರಲಿ.